ಕೂಸಿನ ಕಣ್ಣಿಗೆ ವಾಯಿದೆಯಿಲ್ಲ

ಬಸುರಿಯ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆಯಲು ಐದು ನಿಮಿಷ ಸಾಕು. ಅದಕ್ಕೂ ಹುಟ್ಟಲಿರುವ ಕೂಸಿನ ಕಣ್ಣಿಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧವಿದೆ; ಪ್ರತಿಯೊಂದು ಮನೆಯೂ ಅದನ್ನು ತಿಳಿದಿರತಕ್ಕದ್ದು.

ಬಸುರಿಯಲ್ಲಿ ಒತ್ತಡ 140/90 ಮುಟ್ಟಿತೆಂದರೆ ಅದು ಅಪಾಯದ ಗೆರೆ. ಕೂಸಿಗೆ ಹರಿಯುವ ರಕ್ತ ಕಡಿಮೆಯಾಗಿ ಅದು ಸೊರಗಬಹುದು. ತಾಯಿಯ ಪ್ರಾಣಕ್ಕೇ ಸಂಚಕಾರ ಬಂದಾಗ ವೈದ್ಯರು ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುತ್ತದೆ.

ಕಣ್ಣಿನ ಒಳಪರದೆಯ ರಕ್ತನಾಳಗಳು ಬಸುರಿನ ಕೊನೆಯ ವಾರಗಳವರೆಗೂ ಬೆಳೆಯುತ್ತಿರುತ್ತವೆ. ಬೇಗ ಹುಟ್ಟಿದ ಕೂಸಿನಲ್ಲಿ ಆ ಬೆಳವಣಿಗೆ ಅರ್ಧಕ್ಕೆ ನಿಂತು, ಅನಂತರ ನಾಳಗಳು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಬಿಡಬಹುದು. ವೈದ್ಯರು ಇದನ್ನು ಆರ್.ಒ.ಪಿ. ಎನ್ನುತ್ತಾರೆ. ಕೂಸಿನ ಉಸಿರಿಗೆಂದು ಕೊಡುವ ಆಮ್ಲಜನಕ ಮಿತಿಮೀರಿದರೂ ಇದೇ ಕೇಡೆಂಬುದು 1950ರ ದಶಕದಲ್ಲಿಯೇ ರುಜುವಾತಾಗಿದೆ.

ತಾಯಿಯ ಒತ್ತಡವೇ ನೇರವಾಗಿ ಕಣ್ಣು ಕೆಡಿಸುವುದೇ? ಸಂಶೋಧಕರಲ್ಲಿ ಒಮ್ಮತವಿಲ್ಲ. ಆದರೆ ಬೇಗ ಹುಟ್ಟುವುದೂ ತೂಕ ಕಡಿಮೆಯಿರುವುದೂ ಈ ರೋಗದ ಮುಖ್ಯ ಕಾರಣಗಳೆಂಬುದರಲ್ಲಿ ಎರಡು ಮಾತಿಲ್ಲ. ಒತ್ತಡ ಆ ಎರಡನ್ನೂ ತರಬಲ್ಲದು. ಸೊಸೆಯನ್ನು ದೂರುವ ಮನೆಗಳಿವೆ. ತಪ್ಪು ಅವಳದಲ್ಲ.

ಹಾಗಾದರೆ ಮಾಡತಕ್ಕದ್ದೇನು? ಬಸುರಿಯರಿಗೆ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಸುವ ಯೋಜನೆ 2016ರಲ್ಲಿ ಆರಂಭವಾಗಿದೆ, ಅದನ್ನು ತಪ್ಪಿಸಬಾರದು. 34 ವಾರಕ್ಕೆ ಮೊದಲು ಹುಟ್ಟಿದ, ಇಲ್ಲವೆ 2 ಕಿಲೋ ತೂಗದ ಕೂಸಿನ ಕಣ್ಣನ್ನು 30 ದಿನದೊಳಗೆ ತಜ್ಞರು ನೋಡಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಎರಡು ಮೂರು ವಾರದೊಳಗೆ. ಹೊರನೋಟಕ್ಕೆ ಕಣ್ಣು ಚೆನ್ನಾಗಿಯೇ ಇರುತ್ತದೆ; ಮೋಸ ಹೋಗುವುದು ಇಲ್ಲಿಯೇ. ಸಕಾಲಕ್ಕೆ ಲೇಸರ್ ಚಿಕಿತ್ಸೆಯೋ ಚುಚ್ಚುಮದ್ದೋ ದೊರೆತರೆ ಬಹುಪಾಲು ಕೂಸುಗಳ ದೃಷ್ಟಿ ಉಳಿಯುತ್ತದೆ.

ಇದೆಲ್ಲ ದೊಡ್ಡ ಪಟ್ಟಣದ ಮಾತೆನ್ನುವವರಿಗೆ ನಮ್ಮ ರಾಜ್ಯದಲ್ಲಿಯೇ ಉತ್ತರವಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮರಾದೊಡನೆ ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ, ಕೂಸಿನ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ಕಳುಹಿಸಿ ತೋರಿಸಿದ್ದಾರೆ. ಆಗದ ಕೆಲಸವಲ್ಲ. ಒಂದು ಕೂಸೂ ಬಿಟ್ಟುಹೋಗದಂತೆ ನೋಡುವುದು ಸರಕಾರದ ಹೊಣೆ.

ದಿನದ ಕೂಲಿ ಹೋದೀತೆಂದು ತಪಾಸಣೆ ಮುಂದೂಡುವ ಮನೆಗಳ ಕಷ್ಟ ನಮಗೆ ಗೊತ್ತು. ಮಾಲೀಕರು ಆ ದಿನ ಸಂಬಳದ ರಜೆ ಕೊಡಲಿ. ಆಸ್ಪತ್ರೆಗಳು ಬಿಡುಗಡೆ ಚೀಟಿಯ ಮೇಲೆ ಕಣ್ಣಿನ ಪರೀಕ್ಷೆಯ ತಾರೀಖನ್ನು ದಪ್ಪಕ್ಷರದಲ್ಲಿ ಬರೆದುಕೊಡಲಿ. ಬರೆಯದಿದ್ದರೆ ಮನೆಯವರು ಕೇಳಿ ಬರೆಸಿಕೊಳ್ಳಲಿ. ಸಾಲದ ವಾಯಿದೆಯನ್ನು ಮುಂದಕ್ಕೆ ಹಾಕಿಸಬಹುದು. ಕೂಸಿನ ಕಣ್ಣಿನ ವಾಯಿದೆ ಮುಂದಕ್ಕೆ ಹೋಗದು.