ಸಿರಿಮನೆಯ ಏರಿಗೆ ಯಾವ ಶಕ್ತಿ ಬೇಕು?

ಮಳೆಗಾಲದ ಭಾನುವಾರಗಳಂದು ಕಿಗ್ಗದ ದಾರಿಯಲ್ಲಿ ನಿಂತರೆ, ಸಿರಿಮನೆ ಜಲಪಾತದ ಸದ್ದಿಗಿಂತ ಎಷ್ಟೋ ಮೊದಲು ಅಲ್ಲಿಗೆ ಹೊರಟ ಬೈಕುಗಳ ಸದ್ದು ಕಿವಿಗೆ ಅಪ್ಪಳಿಸುತ್ತದೆ. ಇದಕ್ಕೆ ಹೊರಗಿನ ಪ್ರವಾಸಿಗರನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮ್ಮ ಹುಡುಗರೂ ಸೈಲೆನ್ಸರ್ ಬದಲಿಸಿ, ಕಾರ್ಬುರೇಟರಿನ ಜೆಟ್ ದೊಡ್ಡದು ಮಾಡಿಸಿ, ‘ಪವರ್ ಹೆಚ್ಚಿತು’ ಎಂದು ಸಂಭ್ರಮಿಸುತ್ತಾರೆ. ಹೆಚ್ಚಿದ್ದು ನಿಜಕ್ಕೂ ಏನು ಎಂಬುದನ್ನು ಎಂಜಿನ್ನಿನ ಒಳಹೊಕ್ಕು ನೋಡದೆ ಉಪದೇಶಕ್ಕಿಳಿದರೆ ಅವರು ಕೇಳರು, ಕೇಳಬೇಕಾಗಿಯೂ ಇಲ್ಲ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಬಾರಿ ಚಲಿಸಿದಾಗ ಒಂದು ಸುತ್ತು ಕೆಲಸ ಮುಗಿಯುತ್ತದೆ: ಗಾಳಿ-ಪೆಟ್ರೋಲನ್ನು ಒಳಗೆಳೆಯುವುದು, ಒತ್ತುವುದು, ಉರಿದು ನೂಕುವುದು, ಹೊಗೆಯನ್ನು ಹೊರದಬ್ಬುವುದು. ಈ ನಾಲ್ಕರಲ್ಲಿ ಶಕ್ತಿ ಕೊಡುವುದು ಒಂದೇ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದ್ದರಿಂದ ಹೆಚ್ಚು ಶಕ್ತಿ ಎಂದರೆ ಮೂಲತಃ ಹೆಚ್ಚು ಗಾಳಿ ಸೇವಿಸಿ, ಅದಕ್ಕೆ ತಕ್ಕಂತೆ ಹೆಚ್ಚು ಪೆಟ್ರೋಲ್ ಸುಡುವುದು. ಹಾಗೆ ಸುಟ್ಟ ಪೆಟ್ರೋಲಿನ ಶಾಖದಲ್ಲಿ ಚಕ್ರಕ್ಕೆ ಸಿಗುವುದು ಮೂರನೆಯ ಒಂದು ಪಾಲಿಗಿಂತ ಕಡಿಮೆ. ಉಳಿದದ್ದು ಹೊಗೆಯಲ್ಲೂ ಎಂಜಿನ್ನಿನ ಬಿಸಿಯಲ್ಲೂ ಹೋಗುತ್ತದೆ.

ಇನ್ನು ‘ಟ್ಯೂನಿಂಗ್’ ಏನು ಮಾಡುತ್ತದೆ? ಹೆಚ್ಚು ಹೊತ್ತು ವಾಲ್ವ್ ತೆರೆದಿಡುವ ಕ್ಯಾಮ್ ಹಾಕಿದರೆ ಎಂಜಿನ್ ವೇಗವಾಗಿ ತಿರುಗುವಾಗ ಚೆನ್ನಾಗಿ ಉಸಿರಾಡುತ್ತದೆ, ಶಕ್ತಿಯೂ ಏರುತ್ತದೆ. ಆದರೆ ನಿಧಾನವಾಗಿ ತಿರುಗುವಾಗ ಎರಡೂ ವಾಲ್ವುಗಳು ಒಟ್ಟಿಗೆ ತೆರೆದಿರುವ ಆ ಗಳಿಗೆಯಲ್ಲಿ ಉರಿಯದ ಪೆಟ್ರೋಲ್ ಹೊಗೆಯೊಡನೆ ಹೊರಟುಹೋಗುತ್ತದೆ. ಅಂದರೆ ಫೋರ್ ಸ್ಟ್ರೋಕ್ ಎಂಜಿನ್ನಿಗೆ ಟೂ ಸ್ಟ್ರೋಕಿನ ರೋಗವನ್ನು ನಾವೇ ಅಂಟಿಸಿದಂತಾಯಿತು.

ಈ ರೋಗ ಮಲೆನಾಡಿಗೆ ಹೊಸತಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ದಿ ಬೈಕುಗಳು ಟೂ ಸ್ಟ್ರೋಕ್ ಆಗಿದ್ದವು. ಅವು ಗಟ್ಟಿ ಬೈಕುಗಳು, ಅದನ್ನು ಅಲ್ಲಗಳೆಯಲಾಗದು. ಆದರೆ ಎಣ್ಣೆ ಬೆರೆತ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಹೊರಬೀಳುವುದು ಅವುಗಳ ಹುಟ್ಟುಗುಣವಾಗಿತ್ತು. 2000ದಲ್ಲಿ ದೇಶದಾದ್ಯಂತ ಹೊಗೆಯ ಮಿತಿ ಬಿಗಿಯಾದ ಬಳಿಕ ಫೋರ್ ಸ್ಟ್ರೋಕ್ ಬೈಕುಗಳೇ ರಸ್ತೆಯನ್ನು ತುಂಬಿದವು. 2020ರ ಏಪ್ರಿಲಿನಿಂದ ಬಿಎಸ್-6 ಮಿತಿ ಬಂದಿದೆ. ಎರಡು ದಶಕಗಳಲ್ಲಿ ಗಳಿಸಿದ್ದನ್ನು ಸ್ಪಾನರಿನ ನಾಲ್ಕು ತಿರುವಿನಲ್ಲಿ ಕಳೆಯುವುದು ಯಾವ ಜಾಣತನ?

ಸೈಲೆನ್ಸರಿನ ವಿಷಯ ಇನ್ನೂ ಸ್ಪಷ್ಟ. ಕಂಪೆನಿಯ ಕೊಳವೆಯ ಒಳಗೆ ವಿಷಾನಿಲವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಕೊಳವೆ ಕಿತ್ತರೆ ಬಹುಮಟ್ಟಿಗೆ ಅದೂ ಹೋಯಿತು. ಬೇರೇನನ್ನೂ ಮುಟ್ಟದೆ ಬರಿಯ ಕೊಳವೆ ಬದಲಿಸಿದರೆ ಶಕ್ತಿ ಹೆಚ್ಚುವುದು ಅತ್ಯಲ್ಪ. ನಿಧಾನಗತಿಯ ಎಳೆತ ಕುಗ್ಗುವುದೇ ಹೆಚ್ಚು. ಸದ್ದನ್ನು ಶಕ್ತಿಯೆಂದು ಕಿವಿ ತಪ್ಪು ತಿಳಿಯುತ್ತದೆ, ಅಷ್ಟೆ. ಹತ್ತು ಡೆಸಿಬೆಲ್ ಏರಿತೆಂದರೆ ಶಬ್ದಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ. ಮಳೆಗಾಲವೇ ನಮ್ಮ ಹಳ್ಳಗಳ ಕಪ್ಪೆಗಳು ಕೂಗಿ ಜೋಡಿಯನ್ನು ಕರೆಯುವ ಕಾಲ. ದಾರಿಯಂಚಿನ ಮನೆಗಳಲ್ಲಿ ಮಲಗಿರುವ ಮುದುಕರ, ಹಸುಗೂಸುಗಳ ಮಾತನ್ನಂತೂ ಬಿಡಿ.

ಕಾನೂನಿನ ಮಾತೂ ಇದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಆದರೆ ದಂಡದ ಭಯಕ್ಕಿಂತ ಯಂತ್ರದ ತಿಳಿವಳಿಕೆಯ ಮೇಲೆಯೇ ನನಗೆ ಹೆಚ್ಚು ಭರವಸೆ.

ಏಕೆಂದರೆ ಏರುದಾರಿಯ ಅಗತ್ಯವೇ ಬೇರೆ. ಜಾಹೀರಾತಿನ ಅಶ್ವಶಕ್ತಿ ಎಂಜಿನ್ ಭರದಿಂದ ತಿರುಗುವಾಗಿನ ಲೆಕ್ಕ. ಅಡಿಕೆ ಮೂಟೆ ಹೇರಿಕೊಂಡು, ತಿರುವಿನಲ್ಲಿ ನಿಧಾನಿಸಿ, ಮತ್ತೆ ಏರು ಹತ್ತುವವನಿಗೆ ಬೇಕಾದುದು ಕಡಿಮೆ ವೇಗದ ಎಳೆತ, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ‘ಪಿಕಪ್’. ಕೆಳಗಿನ ಗೇರಿಗೆ ಇಳಿಸಿದರೆ ಚಕ್ರಕ್ಕೆ ಆ ಎಳೆತ ಬಿಡಿಕಾಸಿನ ಖರ್ಚಿಲ್ಲದೆ ಸಿಗುತ್ತದೆ. ಎತ್ತರಕ್ಕೆ ಹೋದಂತೆ ಪ್ರತಿ ನೂರು ಮೀಟರಿಗೆ ಗಾಳಿಯ ಸಾಂದ್ರತೆ ಸುಮಾರು ಶೇ. 1ರಷ್ಟು ತಗ್ಗುವುದರಿಂದ ಕಾರ್ಬುರೇಟರಿನ ಬೈಕಿಗೆ ಇಲ್ಲಿ ಮೊದಲೇ ಪೆಟ್ರೋಲ್ ತುಸು ಜಾಸ್ತಿ. ಅದಕ್ಕೆ ಇನ್ನೂ ದೊಡ್ಡ ಜೆಟ್ ಹಾಕಿಸುವುದು ಅಜೀರ್ಣವಾದವನಿಗೆ ಹೋಳಿಗೆ ಬಡಿಸಿದಂತೆ.

ನಮ್ಮ ಬಹುಪಾಲು ಬೈಕುಗಳ ನಿಜವಾದ ಕೊರತೆ, ಇದ್ದ ಶಕ್ತಿಯನ್ನು ಕಳೆದುಕೊಂಡಿರುವುದು. ಬೇಸಗೆಯ ಕೆಂಧೂಳಿನಿಂದ ಏರ್ ಫಿಲ್ಟರ್ ಕಟ್ಟಿರುತ್ತದೆ. ಮಳೆಗೆ ಚೈನ್ ತುಕ್ಕು ಹಿಡಿದಿರುತ್ತದೆ. ಬ್ರೇಕ್ ಅರೆಬರೆ ಹಿಡಿದೇ ಇರುತ್ತದೆ. ವಾಲ್ವಿನ ಬಿಡುವು ಇಲ್ಲದಾದರೆ ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ, ಕೊನೆಗೆ ವಾಲ್ವೇ ಸುಡುತ್ತದೆ. ಇವನ್ನು ಸರಿಪಡಿಸಿದರೆ ದೊರೆಯುವ ಶಕ್ತಿಗೆ ಹೆಚ್ಚುವರಿ ಪೆಟ್ರೋಲ್ ಬೇಡ. ಲೀಟರಿಗೆ ಓಡುವ ದೂರವೂ ಹೆಚ್ಚುತ್ತದೆ.

ಮಳೆ ಬಿಟ್ಟ ಮೇಲೆ ಮೂರೂ ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ಒಂದೊಂದು ಭಾನುವಾರ ಸ್ಥಳೀಯ ಮೆಕ್ಯಾನಿಕ್ಕುಗಳನ್ನು ಕರೆಸಿ ಈ ತಪಾಸಣೆಯನ್ನು ನಡೆಸಬಹುದು. ಬೇಕಾದುದು ಒಂದು ಫೀಲರ್ ಗೇಜ್, ಕೆಲವು ಸ್ಪಾನರು, ಸ್ವಲ್ಪ ಎಣ್ಣೆ. ವಾಲ್ವಿನ ಬಿಡುವನ್ನು ಎಂಜಿನ್ ಪೂರ್ತಿ ತಣಿದಿರುವಾಗಲೇ ಅಳೆಯಬೇಕಾದ್ದರಿಂದ ಬೈಕುಗಳನ್ನು ಹಿಂದಿನ ಸಂಜೆಯೇ ತಂದು ನಿಲ್ಲಿಸುವುದು ಒಳಿತು.