ಹಾಜರಿ ಪುಸ್ತಕದ ಮೂರನೆಯ ಅಂಕಣ

ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ತೃತೀಯ ಲಿಂಗವನ್ನು ಮಾನ್ಯಮಾಡಿ, ಕರ್ನಾಟಕವು 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರ ಮೀಸಲಾತಿಯನ್ನಿತ್ತು ದೇಶಕ್ಕೇ ಮೇಲ್ಪಂಕ್ತಿಯಾದ ಬಳಿಕವೂ, ಮೂಡಿಗೆರೆ, ಕಳಸಗಳ ತೋಟಗಳಲ್ಲಿ ಕಾಫಿ ಕೊಯ್ಲಿನ ಕಾಲಕ್ಕೆ ಮೇಸ್ತ್ರಿಯು ಬಿಚ್ಚುವ ಹಾಜರಿ ಪುಸ್ತಕವು ಬಹುಮಟ್ಟಿಗೆ ಗಂಡಾಳು, ಹೆಣ್ಣಾಳು ಎಂಬೆರಡೇ ಅಂಕಣಗಳಲ್ಲಿ ಮುಗಿದುಹೋಗುತ್ತದೆ. ಈ ಎರಡಕ್ಕೂ ಸೇರದ ಆಳು ಜ್ವರ ಬಂದು ಆಸ್ಪತ್ರೆಗೆ ಹೋದರೆ, ಅಲ್ಲಿಯೂ ಚೀಟಿ ಬರೆಯುವ ಕಿಂಡಿಯಲ್ಲಿಯೇ, ನೆರೆದವರೆಲ್ಲರೆದುರು, ‘ಗಂಡೋ ಹೆಣ್ಣೋ’ ಎಂಬ ಪ್ರಶ್ನೆ. ಒಳರೋಗಿಯಾದರೆ ಯಾವ ವಾರ್ಡೆಂಬ ಗೊಂದಲ. ಇದಕ್ಕಂಜಿ ವ್ಯಾಧಿಯನ್ನು ಮೈಯೊಳಗೇ ಅಡಗಿಸಿಕೊಂಡವರ ಯಾತನೆಯು ನಮ್ಮ ನಿದ್ದೆಗೆಡಿಸಬೇಕು. ಆಸ್ಪತ್ರೆಗಳು ಕರೆಯಬೇಕಾದ ಹೆಸರನ್ನು ರೋಗಿಯಿಂದಲೇ ಮೆಲುದನಿಯಲ್ಲಿ ಕೇಳಿ ಬರೆದುಕೊಳ್ಳಲಿ. ಬೆಳೆಗಾರರು ಕೂಲಿಯನ್ನು ಲಿಂಗಕ್ಕಲ್ಲದೆ ಕೆಲಸಕ್ಕೆ ಗೊತ್ತುಮಾಡಿ, ಆಳುಗಳ ಲೈನ್ ಮನೆಗಳ ಬಳಿ ಒಳಚಿಲಕವುಳ್ಳ ಪ್ರತ್ಯೇಕ ಶೌಚಾಲಯವೊಂದನ್ನು ಮುಂದಿನ ಕೊಯ್ಲಿನೊಳಗಾಗಿ ಕಟ್ಟಿಸಲಿ.