ಹೊಳೆ ಮರಳಿಗೆ ಹೆಲಿಕಾಪ್ಟರ್ ಬರಲ್ಲ

ಮಳೆಗಾಲ ಮುಗಿದು ವೇದಾವತಿಯ ನೀರು ಇಳಿದರೆ ಸಾಕು, ಭಾನುವಾರ ಹೊಳೆ ಕಡೆ ಬೈಕ್‌ಗಳ ಸದ್ದು ಶುರು. ಚಳ್ಳಕೆರೆ ದಾಟಿ ಬಳ್ಳಾರಿ ಕಡೆ ಹೋದರೆ ಇದೇ ನದಿಗೆ ಹಗರಿ ಅನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ವರ್ಷದ ಹೆಚ್ಚು ದಿನ ಅಲ್ಲಿರುವುದು ಮರಳೇ. 2022ರಲ್ಲಿ ವಾಣಿವಿಲಾಸ ಸಾಗರ ಎಷ್ಟೋ ದಶಕಗಳ ಮೇಲೆ ಕೋಡಿ ಬಿದ್ದಾಗ ಹೊಳೆ ನೋಡಲು ಊರಿಗೆ ಊರೇ ಬಂದಿತ್ತು. ಈಗ ಮರಳು ನೋಡಲು ಬರುತ್ತಾರೆ. ಪೇಟೆಯವರು ಎತ್ತರದ ಅಡ್ವೆಂಚರ್ ಬೈಕ್ ತರುತ್ತಾರೆ, ನಮ್ಮ ಹುಡುಗರು ಅಪ್ಪನ ಸ್ಪ್ಲೆಂಡರ್ ತರುತ್ತಾರೆ.

ಬೇಡ ಅನ್ನಲು ನಾವು ಬರೆಯುತ್ತಿಲ್ಲ. ವಾರವಿಡೀ ಸುದ್ದಿ ಕಳಿಸಿ ಸಾಕಾದಾಗ ನಾವೂ ನಾಲ್ಕೈದು ಗೆಳೆಯರು ಅಲ್ಲಿಗೇ ಹೋಗುತ್ತೇವೆ. ಗಾಡಿ ಬಾಲ ಆಡಿಸುತ್ತಾ ಮರಳು ದಾಟುವ ಖುಷಿ ಬೇರೆ ಎಲ್ಲೂ ಸಿಗದು. ನಮ್ಮ ತಕರಾರು ಒಂದೇ. ಗುಂಪಾಗಿ ಹೊರಡುವವರು ಮರಳಿಗೆ ಇಳಿದ ಕೂಡಲೇ ಒಬ್ಬೊಬ್ಬರೇ ಆಗಿಬಿಡುತ್ತಾರೆ. ಮುಂದಿನವನು ಹಿಂದೆ ತಿರುಗಿ ನೋಡಲ್ಲ. ಹಿಂದಿನವನು ಬಿದ್ದರೆ ಮೊದಲು ಹೊರಬರುವುದು ಮೊಬೈಲ್.

ಮರಳಿನ ಬೈಕ್ ಓಟದಲ್ಲಿ ಜಗತ್ತಿಗೇ ದೊಡ್ಡದು ಡಕಾರ್ ರ‍್ಯಾಲಿ. ಬಿಗ್ ಬಾಸ್‌ನಲ್ಲಿ ನೀವು ನೋಡಿದ ಉಡುಪಿಯ ಕೆ.ಪಿ. ಅರವಿಂದ್ ಅದನ್ನು ಓಡಿಸಿ ಬಂದವರು. ಅವರಿಗೂ ಮೊದಲು, 2015ರಲ್ಲಿ, ನಮ್ಮ ರಾಜ್ಯದವರೇ ಆದ ಸಿ.ಎಸ್. ಸಂತೋಷ್ ಅದನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ. ಅದೇ ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಒಯ್ದರು, ಪುಣ್ಯಕ್ಕೆ ಉಳಿದರು. ಮೈಮೇಲೆ ಏರ್‌ಬ್ಯಾಗ್ ಜಾಕೆಟ್ ಇದ್ದವರ, ವರ್ಷಗಟ್ಟಲೆ ಕಲಿತವರ ಪಾಡು ಇದು.

ಅದಕ್ಕೂ ಹಿಂದಿನ ವರ್ಷದ ಒಂದು ಸಂಗತಿ ನಮ್ಮನ್ನು ಇನ್ನೂ ಬಿಟ್ಟಿಲ್ಲ. 2020ರಲ್ಲಿ ಪೋರ್ಚುಗಲ್‌ನ ಪಾಲೊ ಗೊನ್ಸಾಲ್ವಿಸ್ ಮರಳಲ್ಲಿ ಬಿದ್ದರು. ಹಿಂದೆ ಬರುತ್ತಿದ್ದವರು ಟೋಬಿ ಪ್ರೈಸ್, ಅದರ ಹಿಂದಿನ ಸಲದ ಚಾಂಪಿಯನ್. ಗೆಲ್ಲುವ ಲೆಕ್ಕ ಬದಿಗಿಟ್ಟು ಗಾಡಿ ನಿಲ್ಲಿಸಿ ಸಹಾಯಕ್ಕೆ ನಿಂತರು. ಗೊನ್ಸಾಲ್ವಿಸ್ ಉಳಿಯಲಿಲ್ಲ. ಬಿದ್ದವರ ಹತ್ತಿರ ನಿಂತ ಹೊತ್ತನ್ನು ನಿಂತವರಿಗೆ ವಾಪಸ್ ಕೊಡುವುದು ಆ ರ‍್ಯಾಲಿಯ ಪದ್ಧತಿ. ಕೋಟಿಗಟ್ಟಲೆ ಸುರಿಯುವ ಸ್ಪರ್ಧೆಯಲ್ಲೇ ಹೀಗಿದ್ದರೆ, ಬಹುಮಾನವೇ ಇಲ್ಲದ ನಮ್ಮ ಭಾನುವಾರಕ್ಕೆ ಏನು ಅವಸರ? ನಮ್ಮ ಹೊಳೆಗೆ ಹೆಲಿಕಾಪ್ಟರ್ ಬರಲ್ಲ. 108 ಬಂದರೂ ದಂಡೆವರೆಗೆ ಮಾತ್ರ. ಅಲ್ಲಿತನಕ ಇರುವವರು ಗೆಳೆಯರೇ.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಓಡಿಸುವವನೇ ವೇಗ ತೀರ್ಮಾನಿಸುವವನು. ಪ್ರತಿಯೊಬ್ಬರೂ ಕನ್ನಡಿಯಲ್ಲಿ ಹಿಂದಿನವನನ್ನು ನೋಡಬೇಕು, ಕಾಣದಿದ್ದರೆ ನಿಲ್ಲಬೇಕು. ಹೊಸ ಜಾಗವಾದರೆ ಮೊದಲು ಇಳಿದು ನಡೆದು ನೋಡುತ್ತೇವೆ. ಮರಳು ತೆಗೆದ ಗುಂಡಿ ಮೇಲಿಂದ ಗೊತ್ತಾಗುವುದಿಲ್ಲ. ದನ ಕಾಯುವವರು ಕುಡಿಯಲು ತೋಡಿಕೊಂಡ ಒರತೆ ಗುಂಡಿಯೂ ಇರುತ್ತದೆ, ಅದರ ಮೇಲೆ ಗಾಡಿ ಹತ್ತಿಸಿದರೆ ಅವರು ಬೈಯುವುದು ನ್ಯಾಯವೇ.

ಓಡಿಸುವ ವಿಷಯಕ್ಕೆ ಬಂದರೆ, ಕಾಲು ನೆಲಕ್ಕೆ ಒರೆಸುತ್ತಾ ಹೋಗುವವರೇ ಹೆಚ್ಚು. ಕಾಲು ಮುರಿಯುವುದೂ ಹಾಗೇ. ಫುಟ್‌ರೆಸ್ಟ್ ಮೇಲೆ ನಿಂತು, ಭಾರ ಸ್ವಲ್ಪ ಹಿಂದಕ್ಕೆ ಹಾಕಿ, ದೂರ ನೋಡುತ್ತಾ ಒಂದೇ ಸಮ ಎಕ್ಸಲೇಟರ್ ಕೊಡಬೇಕು. ಹ್ಯಾಂಡಲ್ ಅಲುಗಾಡಿದರೆ ಆಡಲಿ ಬಿಡಿ, ಬಿಗಿ ಹಿಡಿದಷ್ಟೂ ಬೀಳುತ್ತೀರಿ. ಮುಂದಿನ ಬ್ರೇಕ್ ಮರೆತುಬಿಡಿ. ಹಿಂದಿನ ಚಕ್ರ ಹೂತರೆ ರೇಸ್ ಮಾಡಬೇಡಿ, ಇನ್ನೂ ಇಳಿಯುತ್ತದೆ, ಕ್ಲಚ್ ಪ್ಲೇಟೂ ಸುಡುತ್ತದೆ. ಗಾಡಿ ಆಫ್ ಮಾಡಿ ಒಂದು ಮಗ್ಗುಲಿಗೆ ಮಲಗಿಸಿ, ಗುಂಡಿಗೆ ಮರಳು ತುಂಬಿ, ಎತ್ತಿ ನಿಲ್ಲಿಸಿ. ಸ್ಪ್ಲೆಂಡರ್ 110 ಕೆಜಿ ಚಿಲ್ಲರೆ, ಇಬ್ಬರು ಸಾಕು. ಹಿಮಾಲಯನ್ 200 ಕೆಜಿ ಹತ್ತಿರ, ಮೂರು ಜನ ಬೇಕು. ಒಬ್ಬರೇ ಹೋಗಬೇಡಿ ಅನ್ನುವುದು ಇದಕ್ಕೂ ಹೌದು.

ಯಾರಾದರೂ ಜೋರಾಗಿ ಬಿದ್ದರೆ ನಮ್ಮೂರುಗಳಲ್ಲಿ ಮಾಡುವುದೇನು? ಇನ್ನೊಂದು ಬೈಕ್ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡುವುದು. ಕುತ್ತಿಗೆಗೋ ಬೆನ್ನುಮೂಳೆಗೋ ಪೆಟ್ಟಾಗಿದ್ದರೆ ಆ ದಾರಿಯಲ್ಲೇ ಕೈಕಾಲು ಹೋಗಬಹುದು. ಎಚ್ಚರ ತಪ್ಪಿದ್ದರೆ ಕುತ್ತಿಗೆ ಅಲುಗಾಡಿಸಬೇಡಿ, ಉಸಿರಿಗೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ, ನೆರಳು ಮಾಡಿ 108ಕ್ಕೆ ಫೋನ್ ಮಾಡಿ. ಒಬ್ಬ ದಂಡೆಗೆ ಹೋಗಿ ದಾರಿ ತೋರಿಸಲು ನಿಲ್ಲಲಿ. ಕೇಸಿನ ಭಯ ಬೇಡ, ಗಾಯಾಳುವಿಗೆ ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಇದೆ.

ಹೆಲ್ಮೆಟ್ ಅಂದೆವು, ಹೊಳೆಗೆ ಅದನ್ನು ಹಾಕಿಕೊಂಡು ಬರುವವರೇ ಕಡಿಮೆ. ಪೊಲೀಸರು ನಿಲ್ಲುವ ಕಡೆ 500 ರೂಪಾಯಿ ದಂಡಕ್ಕೆ ಹೆದರಿ ಹಾಕುವ ತಲೆಗೆ, ಹೊಳೆಯಲ್ಲಿ ಬೆಲೆ ಇಲ್ಲವೇ? ಇನ್ನು ಒಂಬತ್ತನೇ ಕ್ಲಾಸಿನ ಹುಡುಗರ ಕೈಗೆ ಗಾಡಿ ಕೊಡುವ ಅಪ್ಪಂದಿರು ಒಂದು ತಿಳಿದಿರಲಿ. 2019ರ ತಿದ್ದುಪಡಿ ಪ್ರಕಾರ 25,000 ರೂಪಾಯಿ ದಂಡದ ಜತೆ ಮೂರು ವರ್ಷದವರೆಗೆ ಜೈಲೂ ಆಗಬಹುದು.

ಹೊಳೆ ಮರಳಿಗಿಂತ ಮೋಸದ್ದು ಡಾಂಬರಿನ ಮೇಲಿನ ಮರಳು. ಹೊಳೆಯಲ್ಲಿ ಎಕ್ಸಲೇಟರ್ ಬಿಡಬಾರದು. ಡಾಂಬರಿನಲ್ಲಿ ಎಲ್ಲ ಉಲ್ಟಾ, ತಿರುವಿಗೆ ಮೊದಲೇ ವೇಗ ಇಳಿಸಬೇಕು, ಗಾಡಿ ವಾಲಿಸಬಾರದು. ಹೊಳೆಯಿಂದ ಹುಮ್ಮಸ್ಸಿನಲ್ಲಿ ವಾಪಸ್ ಬರುವವರು ಜಾರುವುದು ಇಲ್ಲೇ. ಹಾಲಿನ ಕ್ಯಾನ್ ಕಟ್ಟಿಕೊಂಡು ಬೆಳಗಿನ ಜಾವ ಡೇರಿಗೆ ಹೋಗುವವರು ಜಾರುವುದೂ ಇಲ್ಲೇ, ಅವರಿಗಂತೂ ಇದು ಸಾಹಸವಲ್ಲ, ದಿನದ ಗೋಳು. ಟ್ರ್ಯಾಕ್ಟರ್‌ನವರು ಟ್ರಾಲಿಗೆ ಒಂದು ತಾಡಪಾಲು ಕಟ್ಟಿದರೆ, ಪಂಚಾಯಿತಿಯವರು ತಿರುವುಗಳಲ್ಲಿ ವಾರಕ್ಕೊಮ್ಮೆ ಪೊರಕೆ ಆಡಿಸಿದರೆ ಅರ್ಧ ಕೆಲಸ ಆಯಿತು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ಸಭೆ ಯಾವಾಗ ಅಂತ ಪಿಡಿಒ ಅವರನ್ನು ಈ ವಾರವೇ ವಿಚಾರಿಸಿ.